ಲಾಗ್ ಓದುವ ಮೊದಲು ಭಾಷೆಯನ್ನು ದೂರಬೇಡಿ

ಗಡಿಯಾಚೆಯ ಕನ್ನಡ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುತ್ತಿರುವ ಹೆತ್ತವರೇ,

ಕಳೆದ ಫೆಬ್ರವರಿಯ ಮಾತು. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಇನ್ನು ಕೆಲವೇ ವಾರಗಳು ಉಳಿದಿದ್ದವು. ಕಾಸರಗೋಡಿನ ನಮ್ಮ ಊರಿನ ಕನ್ನಡ ಮಾಧ್ಯಮ ಶಾಲೆಯ ಮಕ್ಕಳು ನಿತ್ಯ ಬಳಸುತ್ತಿದ್ದ ಪ್ರಶ್ನೆಕೋಶದ ಜಾಲತಾಣ ಒಂದು ಶನಿವಾರ ಸಂಜೆ ಇದ್ದಕ್ಕಿದ್ದಂತೆ ನಿಂತುಹೋಯಿತು. ಮಕ್ಕಳು ಮೊಬೈಲಿನಲ್ಲಿ ಪುಟ ತೆರೆದರೆ ಬಿಳಿಯ ಪರದೆ, ಅದರ ನಡುವೆ 503 ಎಂಬ ಅಂಕಿ. ಆ ಜಾಲತಾಣವನ್ನು ಕಟ್ಟಿದವನು ನಾನು. ಅದರ ಪಾಸ್‌ವರ್ಡ್ ಇದ್ದುದು ನನ್ನೊಬ್ಬನಲ್ಲಿ. ಆ ಹೊತ್ತಿಗೆ ನಾನು ಊರಲ್ಲಿರಲಿಲ್ಲ.

ಆ ಸಂಜೆ ನಾನು ಮಾಡಿದ್ದು ಒಂದೇ ಒಂದು ಕೆಲಸ. ಮುಖಪುಟದಲ್ಲಿ ‘ವಿಧ್ಯಾರ್ಥಿ’ ಎಂದಿದ್ದುದನ್ನು ‘ವಿದ್ಯಾರ್ಥಿ’ ಎಂದು ತಿದ್ದಿ, ಹೊಸ ಪ್ರತಿಯನ್ನು ಕ್ಲೌಡ್ ವೇದಿಕೆಗೆ ಏರಿಸಿ ಹೊರಟಿದ್ದೆ. ಅದನ್ನು ಬಲ್ಲ ಒಬ್ಬರು ರಕ್ಷಕ ಶಿಕ್ಷಕ ಸಂಘದ ವಾಟ್ಸ್ಯಾಪ್ ಬಳಗದಲ್ಲಿ ಬರೆದರು: “ಒಂದು ಒತ್ತಕ್ಷರ ತಿದ್ದಿದ್ದಕ್ಕೆ ಸೈಟೇ ಕೆಟ್ಟಿತು. ಕನ್ನಡದಲ್ಲಿ ಮಾಡಿದರೆ ಹೀಗೇ.” ಇನ್ನೊಬ್ಬರು, ಮುಂದಿನ ಸಭೆಯಲ್ಲಿ ಇಡೀ ಜಾಲತಾಣವನ್ನು ಇಂಗ್ಲಿಷಿಗೆ ಬದಲಿಸುವ ನಿರ್ಣಯ ಮಂಡಿಸೋಣ ಎಂದರು. ಮೂರನೆಯವರದು ನಾವೆಲ್ಲರೂ ಬಲ್ಲ ಹಳೆಯ ಮಾತು: “ಕಂಪ್ಯೂಟರಿಗೂ ಕನ್ನಡಕ್ಕೂ ಆಗಿಬರುವುದಿಲ್ಲ. ಅದಕ್ಕೇ ನನ್ನ ಎರಡನೆಯ ಮಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದ್ದು.”

ಆ ಮೂರನೆಯ ಮಾತಿಗಾಗಿಯೇ ಈ ದೀರ್ಘ ಟಿಪ್ಪಣಿ. ಒಂದು ಜಾಲತಾಣ ಕೆಟ್ಟರೆ ಎರಡು ದಿನದಲ್ಲಿ ಸರಿಪಡಿಸಬಹುದು. ಆದರೆ ಕೆಟ್ಟದ್ದಕ್ಕೆ ಕಾರಣವನ್ನು ಹುಡುಕದೆ ಭಾಷೆಯ ತಲೆಗೆ ಕಟ್ಟುವ ಅಭ್ಯಾಸ ಒಂದು ಶಾಲೆಯನ್ನೇ ಮುಚ್ಚಿಸಬಲ್ಲುದು. ಒಂದು ಮಗು ಹೋದರೆ ಸಂಖ್ಯೆ ಕಡಿಮೆ, ಸಂಖ್ಯೆ ಕಡಿಮೆಯಾದರೆ ಡಿವಿಷನ್ ಇಲ್ಲ, ಡಿವಿಷನ್ ಇಲ್ಲದಿದ್ದರೆ ಅಧ್ಯಾಪಕರ ಹುದ್ದೆ ಇಲ್ಲ. ಈ ಲೆಕ್ಕ ನಮ್ಮೆಲ್ಲರಿಗೂ ಬಾಯಿಪಾಠ.

ಮೊದಲಿಗೆ, ಇಂಥದೊಂದು ಜಾಲತಾಣ ನಮಗೇಕೆ ಬೇಕಾಯಿತು ಎಂಬುದನ್ನು ಹೇಳಬೇಕು. ನಮ್ಮ ಮಕ್ಕಳು ಓದುವುದು ಕನ್ನಡದಲ್ಲಿ, ಆದರೆ ಕರ್ನಾಟಕದ ಪಠ್ಯಕ್ರಮವನ್ನಲ್ಲ. ಕಾಸರಗೋಡಿನ ಮಗುವಿನದು ಕೇರಳದ ಪಠ್ಯ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಮಗುವಿನದು ಮಹಾರಾಷ್ಟ್ರದ ಬಾಲಭಾರತಿ ಹೊರತರುವ ಕನ್ನಡ ಪಠ್ಯ. ಬೆಂಗಳೂರಿನಲ್ಲಿ ಅಚ್ಚಾಗುವ ಮಾರ್ಗದರ್ಶಿ ಇವರಿಬ್ಬರಿಗೂ ಹೊಂದುವುದಿಲ್ಲ. ತಿರುವನಂತಪುರದಲ್ಲೋ ಪುಣೆಯಲ್ಲೋ ಅಚ್ಚಾಗುವ ಖಾಸಗಿ ಮಾರ್ಗದರ್ಶಿಯನ್ನು ಕನ್ನಡದಲ್ಲಿ ತರಲು ಪ್ರಕಾಶಕನಿಗೆ ಸಾಕಷ್ಟು ಕೊಳ್ಳುಗರು ಸಿಗುವುದಿಲ್ಲ. ನಮ್ಮ ಪೇಟೆಯ ಪುಸ್ತಕದಂಗಡಿಯಲ್ಲಿ ಅಂಥದು ಕಣ್ಣಿಗೆ ಬೀಳುವುದೇ ಅಪರೂಪ. ಆದುದರಿಂದ ಅಭ್ಯಾಸದ ಪ್ರಶ್ನೆಗಳನ್ನೂ ಮಾದರಿ ಉತ್ತರಗಳನ್ನೂ ನಮ್ಮ ಅಧ್ಯಾಪಕರೇ ಬರೆಯಬೇಕು, ನಾವೇ ಹಂಚಬೇಕು. ಹೀಗೆ ಹಂಚಲು ಕಟ್ಟಿದ ಉಪಕರಣ ಕೆಟ್ಟಾಗ ಅದನ್ನು ಸರಿಪಡಿಸುವ ವಿದ್ಯೆಯೂ ನಮ್ಮಲ್ಲೇ ಇರಬೇಕು. ನಮ್ಮದು ಸಣ್ಣ ಸಮುದಾಯ, ನಮಗಾಗಿ ಬಂದು ಮಾಡಿಕೊಡುವವರು ಯಾರೂ ಇಲ್ಲ.

ಕ್ಲೌಡ್ ಹೋಸ್ಟಿಂಗ್ ಎಂದರೆ ಏನು ಎಂಬುದನ್ನು ಸಭೆಯಲ್ಲಿ ವಿವರಿಸಬೇಕಾಗಿ ಬಂದಾಗ ನನಗೆ ನೆರವಾದುದು ಯಕ್ಷಗಾನದ ಮೇಳ. ಪಾರ್ತಿಸುಬ್ಬನ ಕುಂಬಳೆಯ ಸೀಮೆಯವರಾದ ನಮಗೆ ಅದಕ್ಕಿಂತ ಹತ್ತಿರದ ಉದಾಹರಣೆ ಬೇರೆ ಸಿಗದು. ಮೇಳ ಒಂದೊಂದು ರಾತ್ರಿ ಒಂದೊಂದು ಊರಿನ ಬಯಲಿನಲ್ಲಿ ಆಡುತ್ತದೆ. ಕಿರೀಟ, ಭುಜಕೀರ್ತಿ, ಬಣ್ಣ, ಗೆಜ್ಜೆ ಎಲ್ಲವೂ ಪೆಟ್ಟಿಗೆಯಲ್ಲಿ ಬರಬೇಕು. ಪೆಟ್ಟಿಗೆಯಲ್ಲಿ ಇಲ್ಲದ್ದು ಚೌಕಿಯಲ್ಲಿ ಇಲ್ಲ, ಚೌಕಿಯಲ್ಲಿ ಇಲ್ಲದ್ದು ರಂಗಸ್ಥಳಕ್ಕೆ ಬಾರದು. ಬೆಳಗಾದ ಮೇಲೆ ಬಯಲಿನಲ್ಲಿ ಬಿಟ್ಟುಹೋದದ್ದು ಮತ್ತೆ ಸಿಗುವ ಭರವಸೆಯಿಲ್ಲ. ಕ್ಲೌಡ್ ವೇದಿಕೆಯೂ ಬಹುಮಟ್ಟಿಗೆ ಹೀಗೆಯೇ. ನಾವು ಬರೆದ ಪ್ರೋಗ್ರಾಂ ಎಲ್ಲೋ ಇರುವ ಬಾಡಿಗೆಯ ಕಂಪ್ಯೂಟರಿನಲ್ಲಿ ಒಂದು ಪೆಟ್ಟಿಗೆಯೊಳಗೆ ಓಡುತ್ತದೆ. ಅದನ್ನು ಅವರು ಕಂಟೇನರ್ ಎಂದೇ ಕರೆಯುತ್ತಾರೆ. ವೇದಿಕೆ ಆ ಪೆಟ್ಟಿಗೆಯನ್ನು ಬೇಕೆಂದಾಗ ಮುಚ್ಚಿ, ಇನ್ನೊಂದು ಕಡೆ ಹೊಸದಾಗಿ ತೆರೆಯುತ್ತದೆ. ಇಷ್ಟು ತಿಳಿದರೆ ಬಹುಪಾಲು ತೊಂದರೆಗಳ ಮೂಲ ತಿಳಿದಂತೆ.

ಜಾಲತಾಣ ಹುಟ್ಟಿದ ಜೂನ್ ತಿಂಗಳಿನಲ್ಲೇ ಮೊದಲ ತೊಂದರೆ ಬಂದಿತ್ತು. ಪೈಥಾನ್ ಭಾಷೆಯಲ್ಲಿ, ಫ್ಲಾಸ್ಕ್ ಎಂಬ ಚೌಕಟ್ಟನ್ನು ಬಳಸಿ ಬರೆದ ಪ್ರೋಗ್ರಾಂ ನನ್ನ ಲ್ಯಾಪ್‌ಟಾಪಿನಲ್ಲಿ ಸೊಗಸಾಗಿ ನಡೆಯುತ್ತಿತ್ತು. ವೇದಿಕೆಗೆ ಏರಿಸಿದರೆ 502. ಈ ಅಂಕಿಗಳಿಗೆ ಅರ್ಥವಿದೆ. 404 ಎಂದರೆ ಕೇಳಿದ ಪುಟ ಅಲ್ಲಿಲ್ಲ. 500 ಎಂದರೆ ಪ್ರೋಗ್ರಾಂ ಓಡುತ್ತಿದೆ, ಆದರೆ ಒಳಗೆ ಎಲ್ಲೋ ಎಡವಿದೆ. 502 ಎಂದರೆ ಬಾಗಿಲಲ್ಲಿ ನಿಂತವನು ಒಳಗೆ ಕೂಗಿದರೂ ಸರಿಯಾದ ಉತ್ತರ ಬರಲಿಲ್ಲ. 503 ಎಂದರೆ ಸದ್ಯ ಸೇವೆ ಒದಗಿಸುವ ಸ್ಥಿತಿಯಲ್ಲಿಲ್ಲ. ನಾನು ಅಂದು ಅಂಕಿಯ ಅರ್ಥವನ್ನೂ ನೋಡಲಿಲ್ಲ, ಲಾಗನ್ನೂ ತೆರೆಯಲಿಲ್ಲ. ಮೂರು ರಾತ್ರಿ ಊಹೆಯಲ್ಲೇ ಕಳೆದೆ.

ಲಾಗ್ ಎಂದರೆ ಪ್ರೋಗ್ರಾಂ ಬರೆದಿಡುವ ದಿನಚರಿ. ಅದರಲ್ಲಿ ಎರಡು ಭಾಗಗಳಿವೆ. ಪೆಟ್ಟಿಗೆ ಕಟ್ಟುವಾಗ ಬರೆದದ್ದು ಬಿಲ್ಡ್ ಲಾಗ್, ಆಟ ನಡೆಯುವಾಗ ಬರೆದದ್ದು ರನ್‌ಟೈಮ್ ಲಾಗ್. ತೊಂದರೆ ಯಾವ ಹಂತದಲ್ಲಿ ಬಂತು ಎಂಬುದನ್ನು ಮೊದಲು ಬೇರ್ಪಡಿಸಬೇಕು. ನಾಲ್ಕನೆಯ ರಾತ್ರಿ ಓದಿದಾಗ ಸಂಗತಿ ಸರಳವಾಗಿತ್ತು. ಫ್ಲಾಸ್ಕ್ ತನ್ನಷ್ಟಕ್ಕೆ 127.0.0.1 ಎಂಬ ವಿಳಾಸದಲ್ಲಿ, 5000 ಎಂಬ ಪೋರ್ಟಿನಲ್ಲಿ ಕಿವಿಗೊಟ್ಟು ಕುಳಿತಿರುತ್ತದೆ. ಆ ವಿಳಾಸ ಮನೆಯೊಳಗಿನವರ ಕರೆಗೆ ಮಾತ್ರ ಓಗೊಡುವಂಥದು, ಹೊರಗಿನವರ ಕರೆ ಅದಕ್ಕೆ ಕೇಳಿಸುವುದಿಲ್ಲ. ವೇದಿಕೆಯ ಮೇಲೆ 0.0.0.0 ಎಂಬ ವಿಳಾಸದಲ್ಲಿ, ವೇದಿಕೆ ತಾನೇ ಸೂಚಿಸುವ ಪೋರ್ಟಿನಲ್ಲಿ ಕಿವಿಗೊಡಬೇಕು. ತಿದ್ದಿದ್ದು ಒಂದೇ ಸಾಲು.

ಅದಾದ ಮೇಲೆ ಶಾಲೆಯ ಲಾಂಛನ ಕಾಣಿಸಲಿಲ್ಲ. ಚಿತ್ರದ ಕಡತದ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರವನ್ನು ದೊಡ್ಡದಾಗಿಯೂ, ಪ್ರೋಗ್ರಾಮಿನೊಳಗೆ ಅದೇ ಹೆಸರನ್ನು ಸಣ್ಣ ಅಕ್ಷರದಲ್ಲಿಯೂ ಬರೆದಿದ್ದೆ. ನನ್ನ ವಿಂಡೋಸ್ ಈ ಭೇದವನ್ನು ಲೆಕ್ಕಿಸಲಿಲ್ಲ. ವೇದಿಕೆಯ ಲಿನಕ್ಸ್ ಲೆಕ್ಕಿಸಿತು. ಸಭೆಯಲ್ಲಿ ಇದನ್ನು ಒತ್ತಿ ಹೇಳಿದೆ: ಈ ದೋಷ ಕನ್ನಡದಲ್ಲಿ ಹುಟ್ಟಲು ಸಾಧ್ಯವೇ ಇಲ್ಲ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲ.

ಎರಡನೆಯ ತೊಂದರೆಯನ್ನು ಬರೆಯಲು ಈಗಲೂ ಸಂಕೋಚವಾಗುತ್ತದೆ. ನಮ್ಮ ಶಾಲೆಯಿಂದ ನಿವೃತ್ತರಾದ ಗಣಿತದ ಮಾಸ್ತರರೊಬ್ಬರು ಮಳೆಗಾಲವಿಡೀ ಕುಳಿತು, ತಾವು ವರ್ಷಗಟ್ಟಲೆ ಕೈಬರಹದಲ್ಲಿ ಕೂಡಿಟ್ಟಿದ್ದ ಪ್ರಶ್ನೆಗಳನ್ನು ಕನ್ನಡದಲ್ಲಿ ಬೆರಳಚ್ಚಿಸಿ ಜಾಲತಾಣಕ್ಕೆ ಏರಿಸಿದ್ದರು. ಟೈಪ್ ಮಾಡುತ್ತಿದ್ದುದು ಶಾಲೆಯ ಕಂಪ್ಯೂಟರಿನಲ್ಲಿ. ಏರಿಸಿದ ಮೇಲೆ, ಇನ್ನು ಅದು ಭದ್ರ ಎಂಬ ನನ್ನ ಮಾತನ್ನು ನಂಬಿ ಅಲ್ಲಿಯ ಪ್ರತಿಯನ್ನು ಅಳಿಸಿಬಿಡುತ್ತಿದ್ದರು. ಸೆಪ್ಟೆಂಬರಿನ ಒಂದು ಬೆಳಗ್ಗೆ ಪಟ್ಟಿಯಲ್ಲಿ ಪ್ರಶ್ನೆಪತ್ರಿಕೆಗಳ ಹೆಸರುಗಳಿದ್ದವು, ಒತ್ತಿದರೆ ಒಳಗೆ ಏನೂ ಇರಲಿಲ್ಲ. ವೇದಿಕೆ ಹಿಂದಿನ ರಾತ್ರಿ ಪೆಟ್ಟಿಗೆಯನ್ನು ಮುಚ್ಚಿ ಹೊಸದನ್ನು ತೆರೆದಿತ್ತು. ಹೆಸರುಗಳು ಡೇಟಾಬೇಸಿನಲ್ಲಿ ಇದ್ದುದರಿಂದ ಉಳಿದವು. ಕಡತಗಳನ್ನು ನಾನು ಪೆಟ್ಟಿಗೆಯ ಒಳಗಿನ ಡಿಸ್ಕಿನಲ್ಲೇ ಉಳಿಸುವಂತೆ ಬರೆದಿದ್ದೆ. ಆ ಡಿಸ್ಕು ಒಂದನೆಯ ತರಗತಿಯ ಸ್ಲೇಟಿನಂಥದು, ಗಂಟೆ ಹೊಡೆದರೆ ಒರಸಿಹೋಗುತ್ತದೆ. ವೇದಿಕೆಯ ಕೈಪಿಡಿಯಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದರು. ಓದದಿದ್ದವನು ನಾನು.

ಅವರ ಮನೆಗೆ ಹೋಗಿ, “ಮಾಷ್ಟ್ರೇ, ನನ್ನಿಂದ ತಪ್ಪಾಯಿತು” ಎಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಕೈಬರಹದ ಪುಸ್ತಕ ಉಂಟಲ್ಲ. ಈ ಸಲ ಎಲ್ಲಿ ಇಡುತ್ತೀ ಎಂದು ಮೊದಲು ಹೇಳು, ಆಮೇಲೆ ಟೈಪ್ ಮಾಡುತ್ತೇನೆ” ಎಂದರು. ಅದೇ ಸರಿಯಾದ ಪ್ರಶ್ನೆ. ಈಗ ಕಡತಗಳು ಪೆಟ್ಟಿಗೆಯ ಹೊರಗೆ, ಕಡತಗಳಿಗೆಂದೇ ಇರುವ ಪ್ರತ್ಯೇಕ ಸಂಗ್ರಹದಲ್ಲಿವೆ. ತಿಂಗಳಿಗೊಮ್ಮೆ ಅವುಗಳ ಮತ್ತು ಡೇಟಾಬೇಸಿನ ಪ್ರತಿ ಶಾಲೆಯ ಕಂಪ್ಯೂಟರಿಗೂ ಒಂದು ಪೆನ್‌ಡ್ರೈವಿಗೂ ಇಳಿಯುತ್ತದೆ. ಕೆಲವು ಹೆತ್ತವರು ಆಗಲೂ, ಕನ್ನಡದ ಅಕ್ಷರಗಳು ಅಳಿಸಿಹೋದವು ಎಂದೇ ಆಡಿಕೊಂಡರು. ಇಂಗ್ಲಿಷಿನಲ್ಲಿ ಇದ್ದಿದ್ದರೂ ಅಳಿಸಿಹೋಗುತ್ತಿತ್ತು. ಸ್ಲೇಟಿಗೆ ಭಾಷೆಯ ಭೇದವಿಲ್ಲ.

ಕನ್ನಡಕ್ಕೇ ಸಂಬಂಧಿಸಿದ ತೊಂದರೆಗಳು ಇರಲೇ ಇಲ್ಲವೇ? ಇದ್ದವು. ಅವನ್ನು ಮುಚ್ಚಿಟ್ಟರೆ ನನ್ನ ವಾದಕ್ಕೆ ಬೆಲೆಯಿರದು.

ಮೊದಲನೆಯದು, ಹಳೆಯ ಕಡತಗಳದು. ಯೂನಿಕೋಡ್ ಬಳಕೆ ಹರಡುವ ಮೊದಲಿನ ನುಡಿ, ಬರಹ ಮುಂತಾದ ತಂತ್ರಾಂಶಗಳ ಫಾಂಟುಗಳಲ್ಲಿ ಕನ್ನಡದ ಆಕೃತಿಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕುಳಿತಿದ್ದವು. ಆ ಫಾಂಟ್ ಇಲ್ಲದ ಕಡೆ ಅದೇ ಪಠ್ಯ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಅಂಥ ಪಠ್ಯವನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದು, ಒಬ್ಬರು ಕುಳಿತು ಓದಿ ತಿದ್ದಬೇಕು. ಅಡ್ಡದಾರಿಯಿಲ್ಲ.

ಎರಡನೆಯದು, ಪಿಡಿಎಫ್ ಮಾಡಿದಾಗ ಅಕ್ಷರಗಳ ಬದಲು ಖಾಲಿ ಚೌಕಗಳು ಬಂದದ್ದು. ನನ್ನ ಲ್ಯಾಪ್‌ಟಾಪಿನಲ್ಲಿ ಕನ್ನಡ ಫಾಂಟ್ ಮೊದಲೇ ಇತ್ತು, ವೇದಿಕೆಯ ಪೆಟ್ಟಿಗೆಯಲ್ಲಿ ಇರಲಿಲ್ಲ. ಕಿರೀಟವನ್ನು ಮನೆಯ ಕಪಾಟಿನಲ್ಲಿ ಬಿಟ್ಟು ಆಟಕ್ಕೆ ಹೋದಂತೆ. ಉಚಿತವಾಗಿ ದೊರೆಯುವ ನೋಟೊ ಸಾನ್ಸ್ ಕನ್ನಡ ಎಂಬ ಫಾಂಟನ್ನು ಪ್ರೋಗ್ರಾಮಿನ ಜೊತೆಗೇ ಪೆಟ್ಟಿಗೆಗೆ ಹಾಕಿದ ಮೇಲೆ ಚೌಕಗಳು ಹೋದವು. ಒತ್ತಕ್ಷರಗಳು ಮಾತ್ರ ಬಿಡಿಬಿಡಿಯಾಗಿ ನಿಂತವು. ಅಕ್ಷರಗಳನ್ನು ಕೂಡಿಸಿ ಜೋಡಿಸಬಲ್ಲ ಪಿಡಿಎಫ್ ಸಾಧನವನ್ನು ಆರಿಸಿಕೊಂಡಾಗ ಅದೂ ಸರಿಹೋಯಿತು.

ಮೂರನೆಯದು, ಹುಡುಕಾಟ. ‘ಹೊಸಂಗಡಿ’ ಎಂದು ಹುಡುಕಿದರೆ ಕಣ್ಣೆದುರೇ ಇದ್ದ ಹೊಸಂಗಡಿ ಸಿಗುತ್ತಿರಲಿಲ್ಲ. ಕಾರಣ, ‘ಹೊ’ ಎಂಬುದನ್ನು ಯೂನಿಕೋಡಿನಲ್ಲಿ ಎರಡು ಬಗೆಯಲ್ಲಿ ಬರೆಯಬಹುದು. ಒತ್ವದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಇಡಬಹುದು, ಎತ್ವ ಮತ್ತು ಊಕಾರದ ಚಿಹ್ನೆಗಳೆರಡನ್ನು ಕೂಡಿಸಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಉಳಿಸುವಾಗಲೂ ಹುಡುಕುವಾಗಲೂ ಪಠ್ಯವನ್ನು ಒಂದೇ ರೂಪಕ್ಕೆ ತರುವ ಕ್ರಮವನ್ನು ಯೂನಿಕೋಡ್ ತಾನೇ ಗೊತ್ತುಪಡಿಸಿದೆ. ಪೈಥಾನಿನಲ್ಲಿ ಅದಕ್ಕೆ ಸಿದ್ಧ ಸಾಧನವಿದೆ.

ನಾಲ್ಕನೆಯದು, ಶೀರ್ಷಿಕೆಗಳು ನಡುವೆ ತುಂಡಾದದ್ದು. ‘ಮಂಜೇಶ್ವರ’ ಎಂಬುದನ್ನು ನಾವು ನಾಲ್ಕು ಅಕ್ಷರಗಳಾಗಿ ಓದುತ್ತೇವೆ. ಯೂನಿಕೋಡ್ ಅದನ್ನು 8 ಸಂಕೇತಗಳಾಗಿ ಎಣಿಸುತ್ತದೆ. ಯುಟಿಎಫ್-8 ಎಂಬ ಬರವಣಿಗೆಯ ಕ್ರಮದಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ 3 ಬೈಟು, ಒಟ್ಟು 24 ಬೈಟು. ನಾನು ಶೀರ್ಷಿಕೆಯ ಮಿತಿಯನ್ನು ಬೈಟುಗಳಲ್ಲಿ ಹಾಕಿದ್ದೆ. ಇಂಗ್ಲಿಷಿಗೆ ಧಾರಾಳವಾಗಿದ್ದ ಜಾಗ ಕನ್ನಡಕ್ಕೆ ಸಾಲಲಿಲ್ಲ.

ಈ ನಾಲ್ಕರಲ್ಲಿ ಒಂದಾದರೂ ಕನ್ನಡದ ಕೊರತೆಯೇ ಎಂದು ನೋಡಿ. ಇಂಗ್ಲಿಷನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ಬರೆದ ನನ್ನ ಪ್ರೋಗ್ರಾಮಿನ ಕೊರತೆ ಅದು. ನಾಲ್ಕಕ್ಕೂ ಪರಿಹಾರ ಇತ್ತು, ನಾಲ್ಕೂ ಉಚಿತವಾಗಿ ದೊರೆತವು. ನಮಗೆ ಮೊದಲೇ ಇದನ್ನೆಲ್ಲ ಮಾಡಿಟ್ಟವರು ಇದ್ದಾರೆ. ಕನ್ನಡದ ಕೀಲಿಮಣೆಯ ವಿನ್ಯಾಸಕ್ಕೆ ತಳಹದಿ ಹಾಕಿದ ಕೆ.ಪಿ. ರಾವ್ ಅವರು ಹುಟ್ಟಿದ್ದು ನಮಗೆ ದೂರವಲ್ಲದ, ಮಂಗಳೂರಿನ ಬಳಿಯ ಕಿನ್ನಿಕಂಬಳದಲ್ಲಿ.

ಈಗ ಮತ್ತೆ ಫೆಬ್ರವರಿಯ ಆ ಶನಿವಾರಕ್ಕೆ ಬರೋಣ. ಸೋಮವಾರ ಸಂಜೆ ನಾನು ಊರಿಗೆ ಬಂದು ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಕುಳಿತೆ. ಗಣಿತದ ಮಾಸ್ತರರೂ ಹತ್ತನೆಯ ತರಗತಿಯ ಮೂವರು ಮಕ್ಕಳೂ ಜೊತೆಗಿದ್ದರು. ನಾನು ಒತ್ತಕ್ಷರ ತಿದ್ದಿ ಏರಿಸಿದ್ದು ಸಂಜೆ 7 ಗಂಟೆ 10 ನಿಮಿಷಕ್ಕೆ. ಲಾಗಿನಲ್ಲಿ ಆ ಹೊತ್ತಿನ ಸಾಲುಗಳಲ್ಲಿ ಹುಡುಕಿದೆ. ಅಲ್ಲಿದ್ದುದು ‘ಪ್ರೋಗ್ರಾಂ ನಿಂತಿದೆ’ ಎಂಬ ಅರ್ಥದ ಒಂದೇ ಸಾಲಿನ ಪುನರಾವರ್ತನೆ. ಯಾಕೆ ನಿಂತಿತು ಎಂಬುದು ಅಲ್ಲಿರಲಿಲ್ಲ. ಹಿಂದೆ ಕುಳಿತಿದ್ದ ಹುಡುಗಿಯೊಬ್ಬಳು, “ಸರ್, ಇದು ಗ್ರೀನ್‌ವಿಚ್ ಸಮಯ ಆಗಿರಬೇಕು. ಐದೂವರೆ ಗಂಟೆ ಕಳೆದು ನೋಡಿ” ಎಂದಳು. ಹೌದು, ವೇದಿಕೆಯ ಗಡಿಯಾರ ಯುಟಿಸಿಯಲ್ಲಿತ್ತು. ನಮ್ಮ 7:10 ಅಲ್ಲಿ ಮಧ್ಯಾಹ್ನದ 1:40. ಎಷ್ಟೋ ವರ್ಷ ಈ ಕೆಲಸದಲ್ಲೇ ಇರುವ ನಾನು ದಣಿವಿನಲ್ಲಿ ಮರೆತಿದ್ದೆ. ಅವಳಿಗೆ ಅದು ತಿಳಿದದ್ದು ಎಲ್ಲಿಂದ? ಸಮಾಜ ವಿಜ್ಞಾನದ ಕನ್ನಡ ಪಾಠದಿಂದ, 82½ ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಿಂದ.

1:40ರ ಸಾಲುಗಳಲ್ಲಿ ಕಾರಣ ಸಿಕ್ಕಿತು. ನಮ್ಮ ಪ್ರೋಗ್ರಾಮಿಗೆ ಬೇಕಾದ ಹೊರಗಿನ ಸಾಧನಗಳ ಪಟ್ಟಿಯಲ್ಲಿ ನಾನು ಹೆಸರುಗಳನ್ನು ಬರೆದಿದ್ದೆನೇ ಹೊರತು ಆವೃತ್ತಿಯ ಸಂಖ್ಯೆಗಳನ್ನು ಬರೆದಿರಲಿಲ್ಲ. ಪ್ರತಿ ಬಾರಿ ಪೆಟ್ಟಿಗೆ ಕಟ್ಟುವಾಗ ವೇದಿಕೆ ಆ ದಿನದ ಹೊಸ ಆವೃತ್ತಿಯನ್ನು ತರುತ್ತಿತ್ತು. ಎರಡು ತಿಂಗಳಿಂದ ನಾನು ಪೆಟ್ಟಿಗೆಯನ್ನು ಮುಟ್ಟಿರಲಿಲ್ಲ. ಆ ನಡುವೆ ಒಂದು ಸಾಧನ ಬದಲಾಗಿತ್ತು, ಅದರ ಹೊಸ ಆವೃತ್ತಿಯಲ್ಲಿ ನಾವು ಬಳಸುತ್ತಿದ್ದ ಒಂದು ಭಾಗವನ್ನು ತೆಗೆದುಹಾಕಿದ್ದರು. ನಾನು ‘ವಿದ್ಯಾರ್ಥಿ’ಯನ್ನು ತಿದ್ದದೆ ಬರಿಯ ಒಂದು ಚುಕ್ಕೆ ಅಳಿಸಿ ಏರಿಸಿದ್ದರೂ ಜಾಲತಾಣ ನಿಲ್ಲುತ್ತಿತ್ತು. ಮೊದಲು ಹಿಂದಿನ ಸುಸ್ಥಿತಿಯ ಪ್ರತಿಗೆ ಮರಳಿದೆವು, ಅದಕ್ಕೆ ಐದು ನಿಮಿಷ. ಬಳಿಕ ಪಟ್ಟಿಯ ಪ್ರತಿಯೊಂದು ಹೆಸರಿನ ಮುಂದೆ ಆವೃತ್ತಿಯ ಸಂಖ್ಯೆ ಬರೆದೆವು, ಅದಕ್ಕೆ ಅರ್ಧ ಗಂಟೆ. ಮರಳಲು ಬೇಕಿದ್ದ ಐದು ನಿಮಿಷದ ಕೆಲಸಕ್ಕೆ ಎರಡು ದಿನ ತಡವಾದುದು ಪಾಸ್‌ವರ್ಡ್ ನನ್ನೊಬ್ಬನಲ್ಲಿ ಇದ್ದುದರಿಂದ.

ಒತ್ತಕ್ಷರ ತಿದ್ದಿದ್ದು ಮೊದಲು, ಕೆಟ್ಟದ್ದು ಆಮೇಲೆ. ಇಷ್ಟು ಮಾತ್ರದಿಂದ ಮೊದಲಿನದು ಎರಡನೆಯದಕ್ಕೆ ಕಾರಣವಾಗುವುದಿಲ್ಲ. ನಾವು ಹೆತ್ತವರು ಮಕ್ಕಳ ವಿಷಯದಲ್ಲೂ ಹೀಗೆಯೇ ತೀರ್ಪು ಕೊಡುತ್ತಿದ್ದೇವೆ. ಮಗು ಕನ್ನಡ ಮಾಧ್ಯಮದಲ್ಲಿದೆ, ವಿಜ್ಞಾನದಲ್ಲಿ ಅಂಕ ಕಡಿಮೆ ಬಂತು, ಆದುದರಿಂದ ಕನ್ನಡ ಕಾರಣ. ಆ ಮಗುವಿನ ಲಾಗನ್ನು ಓದಿದವರು ಯಾರು? ವಿಜ್ಞಾನದ ಅಧ್ಯಾಪಕರ ಹುದ್ದೆ ಎಷ್ಟು ತಿಂಗಳು ಖಾಲಿಯಿತ್ತು? ಬಂದವರಿಗೆ ಕನ್ನಡ ಬರುತ್ತಿತ್ತೇ? ಪಠ್ಯಪುಸ್ತಕ ಯಾವಾಗ ಕೈಸೇರಿತು? ಅಭ್ಯಾಸಕ್ಕೆ ಪ್ರಶ್ನೆಗಳು ಇದ್ದವೇ? ಇವುಗಳಲ್ಲಿ ಯಾವುದು ಮುರಿದಿದೆ ಎಂದು ನೋಡದೆ ಮಾಧ್ಯಮವನ್ನೇ ಬದಲಿಸುವುದು, ಆವೃತ್ತಿಯ ದೋಷಕ್ಕೆ ಇಡೀ ಜಾಲತಾಣವನ್ನು ಇಂಗ್ಲಿಷಿಗೆ ಬದಲಿಸಿದಂತೆಯೇ. ಬದಲಿಸಿದ ಮೇಲೂ ದೋಷ ಅಲ್ಲೇ ಇರುತ್ತದೆ.

ಸಂವಿಧಾನದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸಬೇಕೆಂದು ಹೇಳುತ್ತದೆ. ಅದು ಸೇರ್ಪಡೆಯಾದದ್ದು 1956ರ ಏಳನೆಯ ತಿದ್ದುಪಡಿಯಲ್ಲಿ, ನಾವು ಗಡಿಯ ಆಚೆಗೆ ಉಳಿದ ಅದೇ ವರ್ಷ. ಆ ಸೌಕರ್ಯ ಕೇಳಲು ಹೋದಾಗ, ಬರುವುದಿಲ್ಲ, ಆಗುವುದಿಲ್ಲ ಎಂಬ ದೂರಿಗಿಂತ, ಎಲ್ಲಿ, ಯಾವಾಗ, ಏನು ತಪ್ಪಿದೆ ಎಂಬ ಬರಹ ಹೆಚ್ಚು ಬಲವಾದುದು. ಲಾಗ್ ಬರೆದಿಡುವವನ ಅರ್ಜಿಗೆ ಉತ್ತರ ಕೊಡುವುದು ಅಧಿಕಾರಿಗೂ ಅನಿವಾರ್ಯವಾಗುತ್ತದೆ.

ಒಂದು ಆಕ್ಷೇಪ ಉಳಿಯುತ್ತದೆ, ಅದು ನ್ಯಾಯವಾದದ್ದು. ಲಾಗಿನ ಸಾಲುಗಳು ಇಂಗ್ಲಿಷಿನಲ್ಲಿವೆ, ಪೈಥಾನಿನ ಪದಗಳು ಇಂಗ್ಲಿಷಿನವು. ಹಾಗಿರುವಾಗ ಕನ್ನಡ ಮಾಧ್ಯಮದ ಮಗು ಹಿಂದುಳಿಯದೇ? ಮಗುವಿಗೆ ಇಂಗ್ಲಿಷ್ ಬೇಕು, ಚೆನ್ನಾಗಿಯೇ ಬೇಕು. ನನ್ನ ಅನ್ನ ಹುಟ್ಟುವುದೂ ಆ ಭಾಷೆಯಲ್ಲೇ ಎಂಬುದನ್ನು ಅಡಗಿಸಲಾರೆ. ಆದರೆ ಲಾಗಿನ ಒಂದು ಸಾಲಿನಲ್ಲಿರುವ ಇಂಗ್ಲಿಷ್ ಐದಾರು ಪದಗಳದು. ಅದನ್ನು ತಿಂಗಳೊಂದರಲ್ಲಿ ಕಲಿಯಬಹುದು. ಆ ಸಾಲು ಏಕೆ ಬಂತು, ಅದರ ಹಿಂದಿನ ಸಾಲಿಗೂ ಇದಕ್ಕೂ ಏನು ಸಂಬಂಧ, ಯಾವುದನ್ನು ಬದಲಿಸಿ ನೋಡಿದರೆ ಊಹೆ ಸರಿಯೋ ತಪ್ಪೋ ತಿಳಿಯುತ್ತದೆ ಎಂಬ ಯೋಚನೆಗೆ ಬೇಕಾದುದು ಅಂಜಿಕೆಯಿಲ್ಲದೆ ಪ್ರಶ್ನೆ ಕೇಳಬಲ್ಲ ಭಾಷೆ. ಅಂದು ಆ ಹುಡುಗಿ ಇಂಗ್ಲಿಷಿನಲ್ಲಿ ಕೇಳಬೇಕಿದ್ದರೆ ಸುಮ್ಮನೆ ಇದ್ದುಬಿಡುತ್ತಿದ್ದಳು ಎಂದು ಅವಳೇ ಹೇಳಿದಳು. ಕೇರಳದ ಶಾಲೆಗಳಲ್ಲಿ ಮಾಹಿತಿ ತಂತ್ರಜ್ಞಾನದ ಪಠ್ಯಪುಸ್ತಕ ಕನ್ನಡದಲ್ಲೂ ಇದೆ, ಲಿಟ್ಲ್ ಕೈಟ್ಸ್ ಎಂಬ ಮಕ್ಕಳ ತಂತ್ರಜ್ಞಾನದ ಕೂಟಗಳಿವೆ. ನಿಮ್ಮ ಶಾಲೆಯ ಮಗು ಅದರಲ್ಲಿ ಇದೆಯೇ ಎಂದು ಒಮ್ಮೆ ವಿಚಾರಿಸಿ.

ಹೊಸೂರಿನಲ್ಲೋ ತಾಳವಾಡಿಯಲ್ಲೋ, ಜತ್ತದಲ್ಲೋ ಆದವಾನಿಯಲ್ಲೋ ಇಂಥದೇ ಜಾಲತಾಣ ಕಟ್ಟಲು ಹೊರಡುವವರಿಗೆ ನಮ್ಮ ಅನುಭವದಿಂದ ಕೆಲವು ಮಾತು ಹೇಳುತ್ತೇನೆ.

ಬೀಗದ ಕೈ ಮೂವರಲ್ಲಿರಲಿ: ಒಬ್ಬ ಅಧ್ಯಾಪಕ, ಒಬ್ಬ ಹೆತ್ತವರು, ಊರಿನಲ್ಲೇ ಇರುವ ಇನ್ನೊಬ್ಬರು. ಡೇಟಾಬೇಸಿನ ಪಾಸ್‌ವರ್ಡನ್ನು ಪ್ರೋಗ್ರಾಮಿನ ಒಳಗೆ ಬರೆಯಬೇಡಿ, ವೇದಿಕೆಯ ಸೆಟ್ಟಿಂಗ್ಸ್ ಪುಟದಲ್ಲಿ ಅದಕ್ಕೆಂದೇ ಇರುವ ಜಾಗದಲ್ಲಿ ಇಡಿ.

ಉಚಿತ ಎಂಬ ಮಾತನ್ನು ಶಾಶ್ವತ ಎಂದು ತಿಳಿಯಬೇಡಿ. ಹೆರೋಕು ಎಂಬ ಹೆಸರಾಂತ ವೇದಿಕೆ 2022ರ ನವೆಂಬರ್ 28ರಿಂದ ತನ್ನ ಉಚಿತ ಯೋಜನೆಗಳನ್ನು ಕೊನೆಗೊಳಿಸಿತು. ಬೇರೊಂದು ವೇದಿಕೆಗೆ ಎತ್ತಿಕೊಂಡು ಹೋಗಲು ಬೇಕಾದುದೆಲ್ಲವೂ ನಿಮ್ಮ ಕೈಯಲ್ಲಿರಲಿ. ಉಚಿತ ಯೋಜನೆಗಳಲ್ಲಿ ಬಳಕೆ ಇಲ್ಲದಾಗ ಪ್ರೋಗ್ರಾಂ ಮಲಗುವುದೂ ಉಂಟು. ಬೆಳಗಿನ ಮೊದಲ ಪುಟ ತೆರೆಯಲು ಅರ್ಧ ನಿಮಿಷ ಹಿಡಿದರೆ ಅದು ಕೆಟ್ಟದ್ದಲ್ಲ, ಏಳುತ್ತಿರುವುದು.

ಮಕ್ಕಳ ಅಂಕ, ಫೋನ್ ಸಂಖ್ಯೆ, ಭಾವಚಿತ್ರಗಳನ್ನು ಏರಿಸಲೇಬೇಡಿ. 18 ವರ್ಷದೊಳಗಿನವರ ವೈಯಕ್ತಿಕ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕೆಂದು 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯೂ ಹೇಳುತ್ತದೆ. ಪ್ರಶ್ನೆಕೋಶಕ್ಕೆ ಪ್ರಶ್ನೆಗಳು ಸಾಕು.

ಕೊನೆಯದಾಗಿ, ಒಂದು ನೋಟುಪುಸ್ತಕ ಇಡಿ. ಏನು ಕೆಟ್ಟಿತು, ಲಾಗಿನಲ್ಲಿ ಏನಿತ್ತು, ನಾವು ಏನೆಂದು ಊಹಿಸಿದೆವು, ನಿಜವಾದ ಕಾರಣ ಏನು, ಹೇಗೆ ಸರಿಹೋಯಿತು ಎಂಬ ಐದು ಅಂಕಣಗಳು ಸಾಕು. ಅದನ್ನು ಕನ್ನಡದಲ್ಲಿ ಬರೆಯಿರಿ, ಮಕ್ಕಳಿಂದ ಬರೆಯಿಸಿ. ನಮ್ಮ ಶಾಲೆಯ ಪುಸ್ತಕದಲ್ಲಿ ಈಗ ಹನ್ನೊಂದು ದಾಖಲೆಗಳಿವೆ. ಊಹೆಯ ಅಂಕಣದಲ್ಲಿ ನಾಲ್ಕು ಕಡೆ ‘ಕನ್ನಡ’ ಎಂದಿದೆ. ಕಾರಣದ ಅಂಕಣದಲ್ಲಿ ಒಂದು ಕಡೆಯೂ ಆ ಪದ ಇಲ್ಲ.

ಮಾರ್ಚಿನ ಮೊದಲ ವಾರ ಸಭೆ ಸೇರಿತು. ಇಂಗ್ಲಿಷಿಗೆ ಬದಲಿಸುವ ನಿರ್ಣಯ ತರಬೇಕೆಂದಿದ್ದವರು ನೋಟುಪುಸ್ತಕವನ್ನು ಓದಿ, ನಿರ್ಣಯ ಬೇಡ ಎಂದರು. ಎರಡನೆಯ ಮಗಳನ್ನು ಬೇರೆ ಶಾಲೆಗೆ ಸೇರಿಸಿದವರು ತಮ್ಮ ತೀರ್ಮಾನ ಬದಲಿಸಲಿಲ್ಲ. ಅದು ಅವರ ಹಕ್ಕು, ನಾನು ಒತ್ತಾಯಿಸಲಿಲ್ಲ. ಆದರೆ ಈಗ ಬೀಗದ ಕೈ ಇರುವ ಮೂವರಲ್ಲಿ ಅವರೂ ಒಬ್ಬರು, ತಾವಾಗಿಯೇ ಕೇಳಿ ಪಡೆದದ್ದು. ಗಣಿತದ ಮಾಸ್ತರರು ಎರಡನೆಯ ಸಲ ಬೆರಳಚ್ಚಿಸುವುದನ್ನು ಮುಗಿಸುತ್ತಿದ್ದಾರೆ, ರೇಖಾಗಣಿತದ ಭಾಗ ಮಾತ್ರ ಬಾಕಿ. ಪ್ರತಿ ಅಧ್ಯಾಯ ಏರಿಸಿದ ಮೇಲೆ ಪೆನ್‌ಡ್ರೈವಿನ ಪ್ರತಿಯನ್ನು ತಾವೇ ತೆರೆದು ನೋಡುತ್ತಾರೆ.

ನಿಮ್ಮ ಊರಿನ ಶಾಲೆಗೆ ಇಂಥ ಪ್ರಶ್ನೆಕೋಶ ಬೇಕಿದ್ದರೆ ಕೆಳಗೆ ಬರೆಯಿರಿ. ಪ್ರೋಗ್ರಾಮನ್ನು ಉಚಿತವಾಗಿ ಕೊಡುತ್ತೇವೆ. ನೋಟುಪುಸ್ತಕದ ಪ್ರತಿಯನ್ನೂ ಕೊಡುತ್ತೇವೆ, ಅದನ್ನು ಮೊದಲು ಓದಿ.